ಕಪಾಟಿನ ಕೀಲಿಕೈ

“ಈಗಿನ ಹುಡುಗರು ಓದೂದಿಲ್ರಿ ವೈನಿ” ಎಂಬ ಮಾತು ನಾನು ಎಲ್ಲಿ ಹೋದರೂ ಎದುರಾಗುತ್ತದೆ. ನಿಪ್ಪಾಣಿಯ ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಅರಿಷಿಣ-ಕುಂಕುಮಕ್ಕೆ ಕರೆದವರ ಪಡಸಾಲೆಯಲ್ಲಿ. ಹೇಳುವವರು ಹೆಚ್ಚಾಗಿ ಕಲಿತವರೇ. ಮಕ್ಕಳನ್ನು ಟ್ಯೂಶನ್ನಿಗೆ ಬಿಟ್ಟು ಬಂದವರು. ಮಾತಿನ ಹಿಂದೆ ಒಂದು ನಿಟ್ಟುಸಿರು, ಅದರ ಹಿಂದೆ ಮೊಬೈಲಿಗೆ ನಾಲ್ಕು ಬೈಗುಳ, ಅಷ್ಟರಲ್ಲಿ ಚಹಾ ಬರುತ್ತದೆ, ವಿಷಯ ಮುಗಿಯುತ್ತದೆ. ನಾನು ಈಚೆಗೆ ಒಂದು ಚಾಳಿ ಕಲಿತಿದ್ದೇನೆ. ಚಹಾದ ಕಪ್ಪು ಕೈಗೆ ಬರುವ ಮೊದಲೇ ಕೇಳಿಬಿಡುತ್ತೇನೆ: “ನಿಮ್ಮ ಮಗಳು ಹೋಗೂ ಸಾಲ್ಯಾಗ ಕತಿ ಪುಸ್ತಕದ ಕಪಾಟು ಎಲ್ಲಿ ಐತಿ? ಅದರ ಕೀಲಿಕೈ ಯಾರ ಹತ್ರ ಐತಿ?” ಈ ತನಕ ಒಬ್ಬರೂ ಉತ್ತರ ಕೊಟ್ಟಿಲ್ಲ. ಗಣಿತದ ಮಾಸ್ತರರ ಹೆಸರು ಗೊತ್ತು, ಬಿಸಿಯೂಟದಲ್ಲಿ ಯಾವ ದಿನ ಮೊಟ್ಟೆ ಎಂಬುದು ಗೊತ್ತು, ಗ್ಯಾದರಿಂಗಿನಲ್ಲಿ ಯಾವ ಹಾಡಿಗೆ ಕುಣಿತ ಎಂಬುದೂ ಗೊತ್ತು. ಕಪಾಟು ಮಾತ್ರ ಯಾರಿಗೂ ಗೊತ್ತಿಲ್ಲ.

ನನ್ನ ತವರು ಭೋಜ. ವೇದಗಂಗೆ, ದೂಧಗಂಗೆ ಎಂಬ ಎರಡು ನದಿಗಳು ಕೊಲ್ಹಾಪುರ ಕಡೆಯ ಘಟ್ಟದಿಂದ ಇಳಿದು ಬಂದು ಕೂಡುವ ಊರು. ಮೊದಲು ಚಿಕ್ಕೋಡಿ ತಾಲೂಕು, ಈಗ ನಿಪ್ಪಾಣಿ. ಕಬ್ಬು, ತಂಬಾಕು. ಮನೆಯಲ್ಲಿ ಮರಾಠಿ ಸಾಲಿಯಲ್ಲಿ ಕನ್ನಡ, ಅಥವಾ ಮನೆಯಲ್ಲಿ ಕನ್ನಡ ಬಾಜಾರಿನಲ್ಲಿ ಮರಾಠಿ. ನಮ್ಮ ಹುಡುಗರಿಗೆ ಎರಡು ನದಿಯಂತೆ ಎರಡು ಭಾಷೆಯೂ ಪುಕ್ಕಟೆ ಸಿಗುತ್ತವೆ. ಈ ಸೀಮೆಯ ಹಲವು ಸಾಲಿಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೆಸರು ಬೇಡ. ಎಲ್ಲ ಕಡೆಯೂ ಚಿತ್ರ ಒಂದೇ: ಹೆಡ್ ಮಾಸ್ತರರ ಖೋಲಿ, ಅಲ್ಲಿ ಗೋಡೆಗೆ ಒರಗಿಸಿಟ್ಟ ಕಬ್ಬಿಣದ ಕಪಾಟು, ಅದರ ತಲೆಯ ಮೇಲೆ ಧೂಳು ಹಿಡಿದ ಪೃಥ್ವಿಗೋಲ, ಗಾಳಿ ಹೋದ ವ್ಹಾಲಿಬಾಲು, ಸುರುಳಿ ಸುತ್ತಿದ ನಕಾಶೆ. ಕಪಾಟಿನೊಳಗೆ ಪುಸ್ತಕ. ಹೊರಗೆ ಕೀಲಿ. ಕೀಲಿಕೈ ಹೆಡ್ ಮಾಸ್ತರರ ಟೇಬಲ್ಲಿನ ಖಾನೆಯಲ್ಲಿ, ಆ ಖಾನೆಗೂ ಕೀಲಿ.

ಪುಸ್ತಕ ಬಂದಿಲ್ಲ ಎಂದು ಯಾರೂ ಹೇಳುವಂತಿಲ್ಲ. 1987ರಲ್ಲಿ ಶುರುವಾದ ಕಪ್ಪುಹಲಗೆ ಕಾರ್ಯಾಚರಣೆಯಲ್ಲಿ ಪ್ರಾಥಮಿಕ ಶಾಲೆಗಳಿಗೆ ಹಲಗೆ, ನಕಾಶೆಗಳ ಜೊತೆಗೆ ಪುಸ್ತಕಗಳೂ ಬಂದವು. ಆಮೇಲೆ ಬೇರೆ ಬೇರೆ ಹೆಸರಿನ ಯೋಜನೆಗಳಲ್ಲಿ ಬಂದವು. 2018-19ರಿಂದ ಸಮಗ್ರ ಶಿಕ್ಷಣದ ಅಡಿಯಲ್ಲಿ ಗ್ರಂಥಾಲಯಕ್ಕೆಂದೇ ಅನುದಾನ ಇಟ್ಟರು. ಶಾಲೆಯ ಹಂತ ನೋಡಿಕೊಂಡು ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ. ದೊಡ್ಡ ಮೊತ್ತವಲ್ಲ, ಒಪ್ಪೋಣ. ಆದರೂ ಮೂವತ್ತು ವರ್ಷಕ್ಕೂ ಮಿಕ್ಕಿ ಕಪಾಟಿನ ಬಾಯಿಗೆ ಏನಾದರೂ ಬೀಳುತ್ತಲೇ ಇದೆ. ಅದು ನುಂಗುತ್ತದೆ, ಉಗುಳುವುದಿಲ್ಲ.

ಇದನ್ನು ಬಿಸಿಯೂಟಕ್ಕೆ ಹೋಲಿಸಿ ನೋಡಿ. 2002ರಲ್ಲಿ ನಮ್ಮ ರಾಜ್ಯದ ಕೆಲವು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು, ಮುಂದೆ ಎಲ್ಲ ಕಡೆಗೂ ಬಂತು. ಸರಕಾರ ಅಕ್ಕಿ, ಬೇಳೆ ಕಳಿಸಿ ಸುಮ್ಮನಾಗಲಿಲ್ಲ. ಅಡುಗೆ ಖೋಲಿ ಕಟ್ಟಿಸಿತು, ಒಲೆ ಕೊಟ್ಟಿತು, ಅಡುಗೆಯವರನ್ನು ನೇಮಿಸಿತು. ಅವರಿಗೆ ಕೊಡುವ ಗೌರವಧನ ಅವರ ದುಡಿಮೆಗೆ ಸಾಲದು ಎಂಬುದು ಬೇರೆ ಜಗಳ, ಅದನ್ನೂ ಮಾಡಬೇಕು. ಆದರೆ ಒಲೆಯ ಮುಂದೆ ಒಬ್ಬ ಹೆಣ್ಣುಮಗಳು ಬೇಕು ಎಂಬುದು ಸರಕಾರಕ್ಕೆ ತಿಳಿಯಿತು. ಅಕ್ಕಿಯ ಮೂಟೆಯನ್ನು ಕಪಾಟಿನಲ್ಲಿಟ್ಟು ಕೀಲಿ ಜಡಿದು, ಒಂದು ವರ್ಷದ ಮೇಲೆ ತೆಗೆದು ನೋಡಿ, “ಅಕ್ಕಿ ಹಾಗೇ ಇದೆ, ಈಗಿನ ಮಕ್ಕಳಿಗೆ ಹಸಿವೇ ಆಗೂದಿಲ್ಲ” ಎಂದು ಯಾರಾದರೂ ವರದಿ ಬರೆದಿದ್ದರೆ ನಾವು ಏನೆನ್ನುತ್ತಿದ್ದೆವು? ಪುಸ್ತಕದ ವಿಷಯದಲ್ಲಿ ಇದೇ ವರದಿಯನ್ನು ನಾವು ದಿನಾ ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದೇವೆ.

ಕಾನೂನಿನ ಪುಸ್ತಕದಲ್ಲೇ ಈ ತಮಾಷೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಗೆ ಒಂದು ಅನುಸೂಚಿ ಇದೆ, ಶಾಲೆಯಲ್ಲಿ ಏನೇನು ಇರಲೇಬೇಕು ಎಂಬ ಪಟ್ಟಿ. ಅದರಲ್ಲಿ ಪ್ರತಿಯೊಂದು ಶಾಲೆಗೂ ಗ್ರಂಥಾಲಯ ಬೇಕು, ಪತ್ರಿಕೆ ಬೇಕು, ಎಲ್ಲ ವಿಷಯದ ಪುಸ್ತಕ ಬೇಕು, ಕತೆ ಪುಸ್ತಕವೂ ಬೇಕು ಎಂದು ಸ್ಪಷ್ಟವಾಗಿಯೇ ಇದೆ. ಓದಿ ಸಂತೋಷಪಟ್ಟೆ. ಆಮೇಲೆ ಅದೇ ಪಟ್ಟಿಯಲ್ಲಿ ಆರರಿಂದ ಎಂಟನೆಯ ಇಯತ್ತೆಗೆ ಯಾರ್‍ಯಾರು ಬೇಕು ಎಂಬುದನ್ನು ನೋಡಿದೆ. ವಿಜ್ಞಾನ-ಗಣಿತಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು. ಮಕ್ಕಳು ನೂರರ ಮೇಲಿದ್ದರೆ ಪೂರ್ಣವೇಳೆಯ ಮುಖ್ಯೋಪಾಧ್ಯಾಯರು. ಚಿತ್ರಕಲೆಗೆ, ಆಟಕ್ಕೆ, ಕೈಕಸಬಿಗೆ ಅರೆವೇಳೆಯವರು. ಗ್ರಂಥಪಾಲಕರು? ಇಲ್ಲ. ಅರೆವೇಳೆಗೂ ಇಲ್ಲ. ನಮ್ಮ ರಾಜ್ಯದ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಅಂಥ ಹುದ್ದೆಯೇ ಇಲ್ಲ. ಅಂದರೆ ಕಾಯ್ದೆಯ ಕಣ್ಣಿನಲ್ಲಿ ಗ್ರಂಥಾಲಯವೆಂದರೆ ನೀರಿನ ಟಾಕಿಯ ಹಾಗೆ, ಕಾಂಪೌಂಡಿನ ಹಾಗೆ. ಒಮ್ಮೆ ಇಟ್ಟರೆ ಆಯಿತು.

ಇದೇ ಸರಕಾರಕ್ಕೆ ಬೇಕಾದಲ್ಲಿ ಬೇರೆ ಬುದ್ಧಿಯೂ ಇದೆ. ಜಿಲ್ಲೆಯ ಆಯ್ದ ಮಕ್ಕಳಿಗೆ ನಡೆಸುವ ನವೋದಯ ಶಾಲೆಯಲ್ಲಿ ಗ್ರಂಥಪಾಲಕರ ಹುದ್ದೆ ಇದೆ. ನಮ್ಮ ಚಿಕ್ಕೋಡಿ ಸೀಮೆಯ ಕೋಥಳಿಯಲ್ಲೇ ಅಂಥ ಶಾಲೆ ಇದೆ. ಕೇಂದ್ರೀಯ ವಿದ್ಯಾಲಯದಲ್ಲಿಯೂ ಹುದ್ದೆ ಇದೆ. ನದಿಯಾಚೆ ಮಹಾರಾಷ್ಟ್ರದ ಅನುದಾನಿತ ಹೈಸ್ಕೂಲುಗಳಲ್ಲಿ ಮಕ್ಕಳ ಸಂಖ್ಯೆ ನೋಡಿ ಪೂರ್ಣವೇಳೆಯ ಅಥವಾ ಅರ್ಧವೇಳೆಯ ಗ್ರಂಥಪಾಲರನ್ನು ಇಡುತ್ತಾರೆ. ಅಲ್ಲಿಯೂ ಪ್ರಾಥಮಿಕಕ್ಕೆ ಇಲ್ಲ, ನಿಜ. ಪರೀಕ್ಷೆ ಪಾಸಾಗಿ ನವೋದಯಕ್ಕೆ ಹೋದ ಹನ್ನೆರಡು ವರ್ಷದ ಹುಡುಗಿಗೆ ಪುಸ್ತಕ ಕೊಡುವವರು ಬೇಕು, ಪಾಸಾಗದೆ ಊರ ಸಾಲಿಯಲ್ಲಿ ಉಳಿದ ಅವಳ ಗೆಳತಿಗೆ ಬೇಡ. ಇದು ಯಾವ ನ್ಯಾಯ?

ಮಾಸ್ತರರನ್ನು ಬೈಯಲು ನಾನು ಕೂತಿಲ್ಲ. ಅವರು ಕಪಾಟಿಗೆ ಕೀಲಿ ಹಾಕುವುದು ಕೆಟ್ಟತನದಿಂದಲ್ಲ, ಹೆದರಿಕೆಯಿಂದ. ಪುಸ್ತಕ ಬಂದ ದಿನ ಅದು ದಾಸ್ತಾನು ಪುಸ್ತಕಕ್ಕೆ ಏರುತ್ತದೆ: ಕ್ರಮಸಂಖ್ಯೆ, ಹೆಸರು, ಬೆಲೆ. ವರ್ಗವಾದರೆ ಚಾರ್ಜು ಕೊಡುವಾಗ ಒಂದೊಂದನ್ನೂ ಎಣಿಸಿ ಒಪ್ಪಿಸಬೇಕು. ಕಡಿಮೆ ಬಿದ್ದರೆ ಕೇಳುವವರಿದ್ದಾರೆ. ಒಂದು ಪುಸ್ತಕವನ್ನೂ ಯಾರಿಗೂ ಕೊಡದೆ ಹತ್ತು ವರ್ಷ ಕಾಪಾಡಿದ್ದೇಕೆ ಎಂದು ಕೇಳುವವರು ಇದ್ದಾರೆಯೆ? ತಪಾಸಣೆಗೆ ಬಂದ ಸಾಹೇಬರು ಪುಸ್ತಕ ಎಷ್ಟಿವೆ ಎಂದು ಕೇಳುತ್ತಾರೆ, ಓದಿದ ಮಕ್ಕಳು ಎಷ್ಟಿದ್ದಾರೆ ಎಂದು ಕೇಳುವುದಿಲ್ಲ. ಅಂದ ಮೇಲೆ ಜಾಣ ಮಾಸ್ತರರು ಏನು ಮಾಡಬೇಕೋ ಅದನ್ನೇ ಮಾಡುತ್ತಾರೆ. ಹೊಸ ಪುಸ್ತಕದ ಅಂಚು ಹೊಸದಾಗಿಯೇ ಇರುತ್ತದೆ, ಗೆದ್ದಲು ಬಂದು ಓದುವ ತನಕ.

ಪುಸ್ತಕವನ್ನು ಪೂಜೆಗೆ ಇಡುವ ಚಟ ನಮ್ಮಲ್ಲಿ ಹಳೆಯದು. ಮೂಡಬಿದಿರೆಯ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಗಳಿದ್ದವು, ಬರೆದದ್ದು ಹಳಗನ್ನಡ ಲಿಪಿಯಲ್ಲಿ. ನೂರಾರು ವರ್ಷ ಯಾತ್ರಿಕರು ದೂರದಿಂದ ಬಂದು ಅವುಗಳ ದರ್ಶನ ಮಾಡಿ ಕೈಮುಗಿದು ಹೋದರು. ಓದಿದವರು ಯಾರು? ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾಗಿ, 1939ರಲ್ಲಿ ಮೊದಲ ಸಂಪುಟ ಅಚ್ಚಾಗಿ ಬಂದ ಮೇಲೆ ತಾನೆ ಆ ಗ್ರಂಥದಲ್ಲಿ ಏನಿದೆ ಎಂದು ಲೋಕಕ್ಕೆ ತಿಳಿದದ್ದು. ಇದನ್ನು ಇಲ್ಲಿ ನೆನೆಯಲು ಕಾರಣ ನಮ್ಮ ಊರೇ. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿ ಪರಂಪರೆಗೆ ಮತ್ತೆ ಜೀವ ಕೊಟ್ಟ ಆಚಾರ್ಯ ಶಾಂತಿಸಾಗರ ಮಹಾರಾಜರು (1872-1955) ಭೋಜದವರು. ಆ ಗ್ರಂಥಗಳಿಗೆ ಗೆದ್ದಲು ಹಿಡಿಯುತ್ತಿದೆ ಎಂದು ತಿಳಿದು ಅವನ್ನು ತಾಮ್ರಪಟದ ಮೇಲೆ ಕೊರೆಯಿಸಲು ಪ್ರೇರಣೆ ಕೊಟ್ಟವರು ಅವರು. ಗ್ರಂಥ ಉಳಿಯಬೇಕೆಂದು ಇಷ್ಟು ಚಡಪಡಿಸಿದವರ ಊರಿನ ಸೀಮೆಯಲ್ಲಿ ಮಕ್ಕಳ ಪುಸ್ತಕಕ್ಕೆ ಗೆದ್ದಲು ಹಿಡಿದರೆ ಯಾರಿಗೂ ನೋವಾಗುವುದಿಲ್ಲವೆ?

ಜೈನರಲ್ಲಿ ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ನಾಲ್ಕು ದಾನ. ಊಟಕ್ಕೆ ಸಮನಾಗಿ ಪುಸ್ತಕವನ್ನು ಇಟ್ಟವರು ಅವರು. ಸಾವಿರ ವರ್ಷದ ಹಿಂದೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ಅಚ್ಚಿನ ಯಂತ್ರ ಇರದ ಕಾಲದಲ್ಲಿ ಸಾವಿರ ಪ್ರತಿ! ಒಂದೊಂದು ಗರಿಯನ್ನೂ ಕಂಠದಿಂದ ಕೊರೆದು ಬರೆಯಬೇಕು. ಬರೆಸಿ ಭಂಡಾರದಲ್ಲಿಟ್ಟು ದಾಸ್ತಾನಿಗೆ ಏರಿಸಲಿಲ್ಲ ಆಕೆ, ಹಂಚಿದಳು. ದಾನಚಿಂತಾಮಣಿ ಎಂದು ಹೊಗಳುವ ನಾವು ಆ ಕೆಲಸದ ಅರ್ಥವನ್ನು ಹಿಡಿದಿಲ್ಲ. ಹಾಗೆಯೇ ಎಸ್. ಆರ್. ರಂಗನಾಥನ್. ಗ್ರಂಥಾಲಯ ಶಾಸ್ತ್ರಕ್ಕೆ ಐದು ಸೂತ್ರ ಬರೆದು 1931ರಲ್ಲಿ ಪ್ರಕಟಿಸಿದರು, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದು 1972ರಲ್ಲಿ ತೀರಿಕೊಂಡರು. ಅವರ ಮೊದಲನೆಯ ಸೂತ್ರ, ಪುಸ್ತಕ ಇರುವುದು ಬಳಕೆಗೆ ಎಂಬುದು. ಎರಡನೆಯದು ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ. ಆಗಸ್ಟ್ 12ಕ್ಕೆ ಅವರ ಫೋಟೋಕ್ಕೆ ಹಾರ ಹಾಕುತ್ತೇವೆ. ಹಾರ ಹಾಕುವ ಖೋಲಿಯಲ್ಲೇ ಕಪಾಟಿಗೆ ಕೀಲಿ ಇರುತ್ತದೆ.

ಈಗ ಹತ್ತರಿಂದ ಹದಿಮೂರರ ವಯಸ್ಸಿನ ಮಾತು. ಐದು, ಆರು, ಏಳನೆಯ ಇಯತ್ತೆ. ಇದರ ಮೇಲೆ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ಸಣ್ಣವರಿಗೆ ಅಜ್ಜಿ ಕತೆ ಹೇಳುತ್ತಾಳೆ, ನಲಿಕಲಿಯಲ್ಲಿ ಬಣ್ಣದ ಕಾರ್ಡು ಇರುತ್ತವೆ. ದೊಡ್ಡವರಿಗೆ ಎಸ್ಸೆಸ್ಸೆಲ್ಸಿಯ ಭೂತ ಹಿಡಿಯುತ್ತದೆ. ನಡುವೆ ಈ ಮೂರು ವರ್ಷ ಮಗು ಅಕ್ಷರ ಕೂಡಿಸುವುದನ್ನು ಬಿಟ್ಟು ಓದಿನ ಓಟಕ್ಕೆ ಬೀಳಬೇಕಾದ ಕಾಲ. ಬಿದ್ದರೆ ಬಿತ್ತು, ಇಲ್ಲದಿದ್ದರೆ ಹೈಸ್ಕೂಲಿನಲ್ಲಿ ಗೈಡು ಉರು ಹೊಡೆಯುವುದೇ ಓದು ಎಂದುಕೊಳ್ಳುತ್ತದೆ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದೇ ವಯಸ್ಸಿನಲ್ಲಿ ಇನ್ನೊಂದು ಬಾಗಿಲೂ ಮುಚ್ಚುತ್ತದೆ. ಮೈನೆರೆದ ಮೇಲೆ ಆಟ ನಿಂತಿತು, ಹೊಳೆ ದಂಡೆ ನಿಂತಿತು. ಅವ್ವ ಬೀಡಿ ಕಟ್ಟುತ್ತಿದ್ದರೆ ಮಗಳ ಮುಂದೆಯೂ ಮೊರ ಬಂತು. ಅವಳ ತಮ್ಮ ಬಯಲಿನಲ್ಲಿ ಕ್ರಿಕೆಟ್ ಆಡುತ್ತಾನೆ. ಆ ಹುಡುಗಿಗೆ ಮನೆಯಿಂದ ಹೊರಗೆ ಹೋಗಲು ಉಳಿದ ದಾರಿ ಪುಸ್ತಕವೊಂದೇ ಎಂದರೆ ಅತಿಶಯೋಕ್ತಿ ಎನ್ನುವಿರಾ? ಹನ್ನೆರಡು ವರ್ಷದ ಹುಡುಗಿ ಇರುವ ಮನೆಗೆ ಹೋಗಿ ಸಂಜೆ ಒಂದು ತಾಸು ಕೂತು ನೋಡಿ.

“ಪಂಚಾಯ್ತಿ ಲೈಬ್ರರಿ ಐತಲ್ಲ” ಎಂದು ಕೇಳುವವರಿದ್ದಾರೆ. ಇದೆ, ಮತ್ತು ಈಚಿನ ವರ್ಷಗಳಲ್ಲಿ ಅದು ನಿಜವಾಗಿಯೂ ಸುಧಾರಿಸಿದೆ. 2019ರಲ್ಲಿ ಊರ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರುವಾಗಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಸಿಕ್ಕಿತು. ‘ಅರಿವು ಕೇಂದ್ರ’ ಎಂಬ ಚೆಂದದ ಹೆಸರೂ ಬಂತು. ಸಾಲಿ ಮುಚ್ಚಿದ್ದ ಕೊರೊನಾ ಕಾಲದಲ್ಲಿ ಹುಟ್ಟಿದ ಈ ಕೆಲಸಕ್ಕೆ ನಾನು ಮನಸಾರೆ ಕೈಮುಗಿಯುತ್ತೇನೆ. ಆದರೆ ಆ ಕಟ್ಟಡ ಎಲ್ಲಿರುತ್ತದೆ ನೋಡಿದ್ದೀರಾ? ಪಂಚಾಯ್ತಿ ಆಫೀಸಿನ ಪಕ್ಕ, ಪಾನ್ ಅಂಗಡಿಯ ಎದುರು, ಗಂಡಸರು ಪೇಪರು ಹಿಡಿದು ರಾಜಕೀಯ ಮಾತಾಡುವ ಕಟ್ಟೆಯ ಹತ್ತಿರ. ಏಳನೆಯ ಇಯತ್ತೆಯ ಹುಡುಗಿ ಸಂಜೆ ಐದೂವರೆಗೆ ಆ ಕಟ್ಟೆ ದಾಟಿ ಒಬ್ಬಳೇ ಒಳಗೆ ಹೋಗುತ್ತಾಳೆಯೆ? ಹೋಗಲಿ ಎಂದು ನೀವು ಬಿಡುವಿರಾ? ಬಿಡಬೇಕು, ಅದಕ್ಕೂ ಜಗಳವಾಡಬೇಕು. ಆ ಜಗಳ ಗೆಲ್ಲುವ ತನಕ ಆಕೆ ದಿನಾ ಹೋಗಿಬರುವ ಜಾಗ ಒಂದೇ, ಸಾಲಿ. ಪುಸ್ತಕ ಅಲ್ಲಿಂದ ಅವಳ ಪಾಟಿಚೀಲದಲ್ಲಿ ಕೂತು ಮನೆಗೆ ಬರಬೇಕು.

ಇದನ್ನು ಮಾಡಿ ತೋರಿಸಿದ ಒಬ್ಬ ಅಕ್ಕೋರನ್ನು ನಾನು ಬಲ್ಲೆ. ಹೆಸರು ಹೇಳಬೇಡಿ ಎಂದಿದ್ದಾರೆ, ಹೇಳುವುದಿಲ್ಲ. ಕನ್ನಡ ಕಲಿಸಲು ಬಂದವರು; ಗ್ರಂಥಾಲಯ ವಿಜ್ಞಾನ ಓದಿದವರಲ್ಲ. ಶನಿವಾರ ಮುಂಜಾನೆ ಸಾಲಿ ಬಿಡುವ ಮೊದಲಿನ ಒಂದು ತಾಸು ಕಪಾಟು ತೆಗೆಯುತ್ತಿದ್ದರು. ಪುಸ್ತಕಗಳನ್ನು ಸಾಲಾಗಿ ನಿಲ್ಲಿಸುತ್ತಿರಲಿಲ್ಲ. ಜಮಖಾನೆ ಹಾಸಿ ಮುಖ ಮೇಲೆ ಮಾಡಿ ಹರವುತ್ತಿದ್ದರು. ಬೆನ್ನು ನೋಡಿ ಪುಸ್ತಕ ಆರಿಸುವ ಮಗು ಎಲ್ಲಿಯಾದರೂ ಉಂಟೆ? ಮುಖ ನೋಡಿಯೇ ಆರಿಸುತ್ತದೆ. ಮೊದಲ ಪುಟ ಓದಿ ನೋಡು, ಐದು ಶಬ್ದ ತಿಳಿಯದಿದ್ದರೆ ಇದನ್ನು ಮುಂದಿನ ತಿಂಗಳಿಗೆ ಇಡೋಣ, ಬೇರೆ ತಗೋ ಎನ್ನುತ್ತಿದ್ದರು. ಸೇರದಿದ್ದರೆ ಅರ್ಧಕ್ಕೇ ಮರಳಿ ಕೊಡಬಹುದು, ಯಾಕೆ ಎಂದು ಕೇಳುವುದಿಲ್ಲ, ಸಾರಾಂಶ ಬರೆಸುವುದಿಲ್ಲ. ಇದು ಬಹಳ ದೊಡ್ಡ ಮಾತು. ಓದಿದ್ದಕ್ಕೆಲ್ಲ ಪ್ರಶ್ನೋತ್ತರ ಬರೆಸುವ ಸಾಲಿ ಊಟದ ಮೇಲೆ ತೂಕ ಮಾಡುವ ಮನೆಯ ಹಾಗೆ. ಅಂಥಲ್ಲಿ ಯಾರಿಗೆ ಹಸಿವಾದೀತು?

ಆರನೆಯ ಇಯತ್ತೆಗೆ ಬಂದರೂ ಒತ್ತಕ್ಷರಕ್ಕೆ ತಡವರಿಸುವ ಹುಡುಗರಿದ್ದರು. ಅವರ ಕೈಗೆ ದಪ್ಪ ಪುಸ್ತಕ ಕೊಟ್ಟರೆ ಓಡಿಹೋಗುತ್ತಾರೆ, ಒಂದನೆಯ ಇಯತ್ತೆಯ ಚಿತ್ರದ ಪುಸ್ತಕ ಕೊಟ್ಟರೆ ಗೆಳೆಯರು ನಗುತ್ತಾರೆ. ಅಕ್ಕೋರು ಹೇಳುತ್ತಿದ್ದದ್ದು ಇಷ್ಟೇ: “ಇದನ್ನ ಒಯ್ದು ನಿನ್ನ ತಂಗೀಗೆ ಓದಿ ಹೇಳಪಾ. ಆಕೀಗೆ ಓದಾಕ ಬರೂದಿಲ್ಲಲ್ಲ.” ಹುಡುಗ ದೊಡ್ಡಸ್ತಿಕೆಯಿಂದ ಒಯ್ಯುತ್ತಿದ್ದ. ತಂಗಿಗೆ ನಾಲ್ಕು ಸಲ ಓದಿ ಹೇಳುವಷ್ಟರಲ್ಲಿ ಅವನ ಒತ್ತಕ್ಷರ ಸರಿಯಾಗುತ್ತಿತ್ತು. ಎಣಿಕೆ ಪುಸ್ತಕವನ್ನು ಮಕ್ಕಳೇ ಬರೆಯುತ್ತಿದ್ದರು, ವಾರಕ್ಕೊಬ್ಬರು. ಹರಿದ ಪುಟಕ್ಕೆ ಮೈದಾ ಹಿಟ್ಟಿನ ಅಂಟು ಮಕ್ಕಳೇ ಹಚ್ಚುತ್ತಿದ್ದರು. ಒಮ್ಮೊಮ್ಮೆ ಅಕ್ಕೋರು ಒಂದು ಕತೆಯನ್ನು ಗಟ್ಟಿಯಾಗಿ ಓದುತ್ತ, ಹುಲಿ ಪೊದೆಯಿಂದ ತಲೆ ಹೊರಗೆ ಹಾಕುವ ಹೊತ್ತಿಗೆ ಪುಸ್ತಕ ಮುಚ್ಚಿ ಗಂಟೆ ಬಾರಿಸಿಬಿಡುತ್ತಿದ್ದರು. ಆ ಪುಸ್ತಕಕ್ಕೆ ಆ ದಿನ ಆಗುತ್ತಿದ್ದ ಗುದ್ದಾಟ ನೋಡಬೇಕಿತ್ತು. ಮಕ್ಕಳು ಓದುವುದಿಲ್ಲವಂತೆ!

ಮುಂದೆ ಅವರಿಗೆ ವರ್ಗವಾಯಿತು. ಚಾರ್ಜು ಕೊಡುವ ದಿನ ಎಣಿಸಿದರೆ ಕೆಲವು ಪುಸ್ತಕ ಕಡಿಮೆ, ಕೆಲವು ಹರಿದಿದ್ದವು. ಅವುಗಳ ಬೆಲೆಯನ್ನು ಅಕ್ಕೋರು ಕೈಯಿಂದ ತುಂಬಿ ಹೋದರು. ಆಮೇಲೆ ಬಂದವರು ಈ ಸುದ್ದಿ ಕೇಳಿಯೇ ಬಂದವರು. ಕಪಾಟಿಗೆ ಹೊಸ ಕೀಲಿ ತಂದರು. ನಾಲ್ಕು ತಿಂಗಳ ಮೇಲೆ ನನ್ನ ಓಣಿಯ ಹುಡುಗಿಯೊಬ್ಬಳು ಬಂದು, ತಾನು ಅರ್ಧ ಓದಿದ್ದ ಪುಸ್ತಕದ ಹೆಸರು ಹೇಳಿ, “ಕಾಕೂ, ನಿಪ್ಪಾಣ್ಯಾಗ ಸಿಗತದೇನ್ರಿ?” ಎಂದು ಕೇಳಿದಳು. ಸಿಗಲಿಲ್ಲ. ನಿಪ್ಪಾಣಿಯ ಅಂಗಡಿಗಳಲ್ಲಿ ಗೈಡು ಸಿಗುತ್ತದೆ, ಪಂಚಾಂಗ ಸಿಗುತ್ತದೆ. ಆ ಹುಡುಗಿ ಈಗ ಹೈಸ್ಕೂಲು ಮುಗಿಸಿದ್ದಾಳೆ. ಆ ಪುಸ್ತಕ ಈಗಲೂ ಕಪಾಟಿನಲ್ಲಿದೆ ಎಂದು ಕೇಳಿದ್ದೇನೆ, ದಾಸ್ತಾನು ಸರಿಯಾಗಿದೆ.

ಒಬ್ಬ ಒಳ್ಳೆಯ ಅಕ್ಕೋರ ಮನಸ್ಸಿನ ಮೇಲೆ ನಿಂತ ಗ್ರಂಥಾಲಯ ಅವರ ವರ್ಗದ ಆದೇಶದ ಜೊತೆಗೇ ಊರು ಬಿಡುತ್ತದೆ. ಆದ್ದರಿಂದಲೇ ನಾನು ಹುದ್ದೆ ಕೇಳುತ್ತಿರುವುದು, ಉತ್ಸಾಹವನ್ನಲ್ಲ. ಪ್ರತಿ ಸಾಲಿಗೂ ಒಬ್ಬರು ಆಗದಿದ್ದರೆ ಒಂದು ಕ್ಲಸ್ಟರಿಗೆ ಒಬ್ಬರಾದರೂ ಬರಲಿ. ಸೋಮವಾರ ಒಂದು ಸಾಲಿ, ಮಂಗಳವಾರ ಇನ್ನೊಂದು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ಕಲಿತು ಬಂದು, ಮದುವೆಯಾಗಿ, ಕೆಲಸವಿಲ್ಲದೆ ಮನೆಯಲ್ಲಿ ಕೂತ ಸೊಸೆಯಂದಿರು ನಮ್ಮ ಪಟ್ಟಣಗಳಲ್ಲಿ ಎಷ್ಟಿಲ್ಲ! ಇದನ್ನು ಓದುತ್ತಿರುವವರಲ್ಲೇ ಇಬ್ಬರು ಮೂವರು ಇರಬಹುದು. ಮತ್ತೆ, ಹರಿದ ಪುಸ್ತಕವನ್ನು ವರ್ಷಕ್ಕೊಮ್ಮೆ ದಾಸ್ತಾನಿನಿಂದ ತೆಗೆದುಹಾಕುವ ಅಧಿಕಾರ ಸಾಲಿಗೇ ಕೊಡಿ. ಚಪ್ಪಲಿ ಸವೆಯದೆ ನಡೆದವರಿಲ್ಲ.

ದುಡ್ಡು ಎಲ್ಲಿಂದ ಎನ್ನುತ್ತಾರೆ. ನಿಮ್ಮ ಮನೆಯ ಕರದ ಪಾವತಿ ತೆಗೆದು ನೋಡಿ, ಅಲ್ಲಿ ಗ್ರಂಥಾಲಯ ಕರ ಎಂದು ಒಂದು ಸಾಲು ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಕರದ ಮೇಲೆ ನೂರಕ್ಕೆ ಆರರಂತೆ ನಾವು ಅದನ್ನು ತುಂಬುತ್ತ ಬಂದಿದ್ದೇವೆ. ಆ ಹಣ ಸಾರ್ವಜನಿಕ ಗ್ರಂಥಾಲಯಕ್ಕೆ, ಸಾಲಿಗಲ್ಲ ಎಂದು ಕಾಯ್ದೆ ಬಲ್ಲವರು ಹೇಳಬಹುದು. ಸಾಲಿಯ ಮಕ್ಕಳು ಸಾರ್ವಜನಿಕರಲ್ಲವೆ? ಕಾಯ್ದೆ ಅಡ್ಡ ಬಂದರೆ ಕಾಯ್ದೆ ತಿದ್ದಲಿ. ಅದಕ್ಕೇ ಅಲ್ಲವೆ ಬೆಳಗಾವಿಯಲ್ಲಿ 2012ರಲ್ಲಿ ಸುವರ್ಣ ವಿಧಾನಸೌಧ ತೆರೆದದ್ದು?

ಗಡಿಯ ಮಾತೂ ಬರಲಿ. 1967ರಲ್ಲಿ ಮಹಾಜನ ವರದಿ ಬಂತು, 2004ರಲ್ಲಿ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು, ನಡುನಡುವೆ ಬಸ್ಸಿನ ಗಾಜು ಒಡೆದವು, ಅಂಗಡಿಯ ಬೋರ್ಡಿಗೆ ಮಸಿ ಬಿತ್ತು. ಬೋರ್ಡಿನ ಮೇಲೆ ಯಾವ ಭಾಷೆ ಎಂದು ಹೊಡೆದಾಡಿದವರಲ್ಲಿ ಒಬ್ಬರಾದರೂ ಈ ಭಾಗದ ಕನ್ನಡ ಸಾಲಿಗೆ ಹೋಗಿ ಮಕ್ಕಳ ಕೈಯಲ್ಲಿ ಯಾವ ಪುಸ್ತಕ ಇದೆ ಎಂದು ನೋಡಿದ್ದುಂಟೆ? ಆಚೆಯವರನ್ನು ನೋಡಿ ಸ್ವಲ್ಪ ಹೊಟ್ಟೆಕಿಚ್ಚು ಪಡೋಣ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ‘ಬಾಲಭಾರತಿ’ 1971ರಿಂದ ‘ಕಿಶೋರ್’ ಎಂಬ ಮಕ್ಕಳ ಮಾಸಿಕ ನಡೆಸುತ್ತ ಬಂದಿದೆ. ಪಠ್ಯ ಅಚ್ಚು ಮಾಡುವವರೇ ಕತೆಯನ್ನೂ ಅಚ್ಚು ಮಾಡುತ್ತಾರೆ. ನಮ್ಮ ಮನೆ ಮನೆಯಲ್ಲಿದ್ದ ‘ಚಂದಮಾಮ’ ನಿಂತು ಹತ್ತು ವರ್ಷದ ಮೇಲಾಯಿತು. ಭೋಜದ ಮಗು ಎರಡೂ ಭಾಷೆ ಬಲ್ಲದು. ಸಾನೇ ಗುರೂಜಿಯವರ ‘ಶ್ಯಾಮಚೀ ಆಯೀ’ಯನ್ನೂ ಓದಲಿ, ಕನ್ನಡದ್ದನ್ನೂ ಓದಲಿ. ಕನ್ನಡದಲ್ಲಿ ಏನಿಲ್ಲ? ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮೂರು ಸಂಪುಟದ ‘ಬಾಲ ಪ್ರಪಂಚ’ ಕೊಟ್ಟರು. ಡಾಕ್ಟರಿಕೆಯ ನಡುವೆ ಅನುಪಮಾ ನಿರಂಜನ ಹನ್ನೆರಡು ಸಂಪುಟದಲ್ಲಿ ‘ದಿನಕ್ಕೊಂದು ಕಥೆ’ ಬರೆದರು. ತೇಜಸ್ವಿಯವರ ‘ಪರಿಸರದ ಕತೆ’ ಇದೆ. ಹಾವು, ನಾಯಿ, ಹಕ್ಕಿ ಎಂದರೆ ಕಿವಿ ನಿಮಿರುವ ಹುಡುಗನ ಕೈಗೆ ಅದನ್ನು ಕೊಟ್ಟು ದೂರ ನಿಂತರೆ ಸಾಕು. ಬೊಳುವಾರು ಮಹಮದ್ ಕುಂಞಿಯವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’ಗೆ 2010ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಯ್ಯಾವ ಮಗುವಿಗೆ ಯಾವುದು ಎಂದು ತಿಳಿದು ಕೊಡುವ ಕೈ ಬೇಕು, ಅಷ್ಟೆ. ಆ ಕೈ ಇಲ್ಲದಾಗ ಏನಾಗುತ್ತದೆ ಎಂದರೆ, ಸಾಲಿಗೆ ಪುಸ್ತಕ ದಾನ ಮಾಡಿ ಎಂದ ಕೂಡಲೇ ಊರಿನ ದೊಡ್ಡವರು ಮನೆಯ ಹಳೆಯ ಗೈಡು, ಜ್ಯೋತಿಷ್ಯ, ತಮ್ಮದೇ ಅಭಿನಂದನ ಗ್ರಂಥ ತಂದು ಸುರಿದು ಫೋಟೋ ತೆಗೆಸಿಕೊಂಡು ಹೋಗುತ್ತಾರೆ.

ಇನ್ನು ನಮ್ಮ ಮನೆಗಳು. ಪಟ್ಟಣದ ಅವ್ವಂದಿರಿಗೆ ಇದು ಸ್ವಲ್ಪ ಖಾರ ಎನಿಸಬಹುದು. “ಕತಿ ಪುಸ್ತಕ ಬಿಟ್ಟು ಅಭ್ಯಾಸ ಮಾಡು” ಎನ್ನುವವರು ಮಾಸ್ತರರಲ್ಲ, ನಾವೇ. ಮೂರು ಸಾವಿರದ ಸೀರೆ ಒಗೆದು ಹರಿದರೆ ಸುಮ್ಮನಿರುವವರು, ಅರವತ್ತು ರೂಪಾಯಿಯ ಪುಸ್ತಕಕ್ಕೆ “ಒಂದ್ ಸಲ ಓದಿ ಬಿಸಾಡೂದಕ್ಕ ಯಾಕ?” ಎನ್ನುತ್ತೇವೆ. ಇಂಗ್ಲಿಷ್ ಮಾಧ್ಯಮದ ಸಾಲಿಗೆ ವರ್ಷಕ್ಕೆ ಅಷ್ಟು ದುಡ್ಡು ಸುರಿಯುವವರು ಅಲ್ಲಿ ಗ್ರಂಥಾಲಯದ ಫೀ ಎಂದು ರಸೀದಿಯಲ್ಲಿ ಇದ್ದರೂ, ಮಗು ಒಂದು ಪುಸ್ತಕವನ್ನೂ ಮನೆಗೆ ತಂದಿಲ್ಲವಲ್ಲ ಎಂದು ಕೇಳುವುದಿಲ್ಲ. ಮೊಬೈಲು ಮಗುವಿನ ಕೈಗೆ ತಾನಾಗಿ ಹಾರಿ ಬರಲಿಲ್ಲ. ಅಡುಗೆ ಮಾಡುವಾಗ ಸುಮ್ಮನಿರಲೆಂದು ನಾವೇ ಕೊಟ್ಟೆವು. ಕೊಟ್ಟದ್ದನ್ನು ಮಗು ತೆಗೆದುಕೊಂಡಿತು. ಪುಸ್ತಕ ಕೊಟ್ಟಿದ್ದರೆ?

ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ನಮಗೆ ಬೇಕಾದ ಇನ್ನೊಂದು ಮಾತೂ ಇದೆ. ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆ-ತಾಯಿಯರು ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ನಮ್ಮಲ್ಲಿ ಅದನ್ನು ಎಸ್.ಡಿ.ಎಂ.ಸಿ. ಎನ್ನುತ್ತಾರೆ. ಸದಸ್ಯೆಯರು ಇದ್ದಾರೆ, ಹೆಚ್ಚಾಗಿ ಸಹಿ ಮಾಡಲು ಕರೆಸಿ, ಬಿಸ್ಕೀಟು ಕೊಟ್ಟು ಕಳಿಸುತ್ತಾರೆ. ನೀವು ಅಂಥ ಸಮಿತಿಯಲ್ಲಿದ್ದರೆ, ಇಲ್ಲವೆ ನಿಮ್ಮ ಮನೆಗೆ ಕೆಲಸಕ್ಕೆ ಬರುವ ಮಾವಶಿ ಅಂಥ ಸಮಿತಿಯಲ್ಲಿದ್ದರೆ, ಮುಂದಿನ ಸಭೆಯಲ್ಲಿ ಕಪಾಟು ತೋರಿಸಿ ಎಂದು ಕೇಳಬೇಡಿ. ಕಪಾಟು ಒರೆಸಿ ತೋರಿಸುತ್ತಾರೆ, ಪುಸ್ತಕ ಎಷ್ಟು ಹೊಸದಾಗಿವೆ ನೋಡಿ ಎಂದು ಹೆಮ್ಮೆಪಡುತ್ತಾರೆ. ಮಕ್ಕಳಿಗೆ ಪುಸ್ತಕ ಕೊಟ್ಟ ಎಣಿಕೆ ಪುಸ್ತಕ ಕೇಳಿ. ಕೊನೆಯ ತಾರೀಖು ಯಾವುದು, ಯಾವ ಮಗುವಿನ ಹೆಸರಿಗೆ, ಮರಳಿ ಬಂದದ್ದು ಯಾವಾಗ, ಅಷ್ಟು ನೋಡಿ. ಹೋದ ತಿಂಗಳ ತಾರೀಖು ಅದರಲ್ಲಿ ಇರದಿದ್ದರೆ ಸಹಿ ಮಾಡದೆ ಅಲ್ಲೇ ಕೂತುಬಿಡಿ. ಬಿಸ್ಕೀಟು ಬರುತ್ತದೆ, ಚಹಾ ಬರುತ್ತದೆ, “ಏಳ್ರೀ ಅಕ್ಕಾರ, ಮುಂದಿನ ಸಭಾದಾಗ ನೋಡೂಣು” ಎನ್ನುತ್ತಾರೆ. ಏಳಬೇಡಿ.